ಅಮೆರಿಕನ್ ಕಾಲೇಜು ಫುಟ್‌ಬಾಲ್: ತಳ್ಳಾಟದ ಮಧ್ಯೆ ರೆಫರಿಗೆ ಏಟು ಬಿದ್ದರೆ ಏನು ಶಿಕ್ಷೆ?

ನಾಲ್ಕನೇ_ಡೌನ್:
ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ನಿಯಮ ಅರೆದು ಕುಡಿದವರು ಯಾರಾದ್ರೂ ಹೇಳಿ. ಮೂರನೇ ಕ್ವಾರ್ಟರ್, ಪ್ಲೇ ಮುಗಿದು ವಿಸಿಲ್ ಆಗಿದೆ. ಅಫೆನ್ಸ್‌ನ (ಚೆಂಡು ಇರೋ ತಂಡದ) ಗಾರ್ಡು, ಎದುರಿನ ಟ್ಯಾಕಲ್ಲು (ಇಬ್ಬರೂ ಮುಂದಿನ ಸಾಲಿನ ಆಟಗಾರರು) ಇಬ್ಬರೂ ಜೆರ್ಸಿ ಹಿಡಿದು ಎಳೆದಾಡ್ತಿದ್ದಾರೆ. ಅಂಪೈರ್ ಹಿಂದಿನಿಂದ ಬಂದು ಗಾರ್ಡ್‌ನ ಭುಜ ಹಿಡೀತಾರೆ. ಇವನು ತಿರುಗಿಯೂ ನೋಡದೆ ಮೊಣಕೈ ಕೊಡವಿದ, ಅದು ಅಂಪೈರ್ ಎದೆಗೆ ಬಿತ್ತು. ಇವನನ್ನ ಆಚೆ ಹಾಕ್ತಾರಾ? ಮುಂದಿನ ಪಂದ್ಯವೂ ಹೋಯ್ತಾ? ಟಾರ್ಗೆಟಿಂಗ್ (ಎದುರಾಳಿಯ ತಲೆಗೆ ಗುರಿಯಿಟ್ಟು ಅಥವಾ ಹೆಲ್ಮೆಟ್ ನೆತ್ತಿಯಿಂದ ಗುದ್ದೋ ಫೌಲ್) ತರ ರಿಪ್ಲೇ ನೋಡಿ ಉಳಿಸ್ತಾರಾ?

ಬಿಳಿಟೋಪಿ:
9ನೇ ನಿಯಮದ ಎರಡನೇ ವಿಭಾಗ ನೋಡಿ. ಅಧಿಕಾರಿಯನ್ನು ಮುಟ್ಟಿದ ಮಾತ್ರಕ್ಕೆ ಫೌಲ್ ಅಲ್ಲ. ಬೇಕಂತಲೇ ಮುಟ್ಟಿರಬೇಕು, ಬಲವಾಗಿಯೂ ಮುಟ್ಟಿರಬೇಕು, ಎರಡೂ ಸೇರಬೇಕು. ಪ್ಲೇ ನಡೆಯುವಾಗ ಲೈನ್‌ಬ್ಯಾಕರ್ (ಡಿಫೆನ್ಸ್ ಆಟಗಾರ) ಅಕಸ್ಮಾತ್ ಅಂಪೈರ್‌ಗೆ ಡಿಕ್ಕಿ ಹೊಡೆದು ಇಬ್ಬರೂ ಉರುಳಿದರೂ ಫ್ಲ್ಯಾಗ್ (ಫೌಲ್ ಸೂಚಿಸೋ ಹಳದಿ ಬಟ್ಟೆ) ಇಲ್ಲ.

ನೀವು ಹೇಳಿದ್ದು ನಿಜಕ್ಕೂ ಅಂಚಿನ ಕೇಸು. ಹಿಂದೆ ನಿಂತಿರೋದು ಯಾರು ಅಂತ ಗಾರ್ಡ್‌ಗೆ ಗೊತ್ತಿತ್ತಾ ಅನ್ನೋದರ ಮೇಲೆ ನಿಲ್ಲುತ್ತೆ. ಪಟ್ಟೆ ಅಂಗಿ ಕಂಡ ಮೇಲೂ ಕೈ ಬೀಸಿದ್ರೆ ಮಾತೇ ಇಲ್ಲ: 15 ಯಾರ್ಡ್, ಮೇಲೆ ನೇರ ಡಿಸ್ಕ್ವಾಲಿಫಿಕೇಶನ್. ಇದಕ್ಕೆ ಎರಡನೇ ಫೌಲ್ ಆಗಲಿ ಅಂತ ಯಾರೂ ಕಾಯಲ್ಲ. ಕಂಡೇ ಇಲ್ಲದಿದ್ದರೆ ಬಹುತೇಕ ರೆಫರಿಗಳು ಎಳೆದಾಟಕ್ಕೆ ಮಾತ್ರ ಫ್ಲ್ಯಾಗ್ ಕೊಟ್ಟು ಬಿಡ್ತಾರೆ. ನನ್ನ ಪ್ರಕಾರ ಅದೇ ಸರಿ.

ಯಾರ್ಡ್ ಲೆಕ್ಕದಲ್ಲಿ ತುಂಬಾ ಜನ ಎಡವ್ತಾರೆ. ಇದು ಡೆಡ್‌ಬಾಲ್ ಫೌಲ್ (ಪ್ಲೇ ಮುಗಿದ ಮೇಲೆ ಆದದ್ದು), ಆದ್ದರಿಂದ ಪ್ಲೇಯಲ್ಲಿ ಗಳಿಸಿದ್ದು ಉಳಿಯುತ್ತೆ, ಡೌನ್ (10 ಯಾರ್ಡ್ ಮುಂದೆ ಹೋಗೋಕೆ ಸಿಗೋ ನಾಲ್ಕು ಅವಕಾಶಗಳಲ್ಲಿ ಒಂದು) ಕೂಡ ಲೆಕ್ಕಕ್ಕೆ ಬರುತ್ತೆ. ಎರಡನೇ ಡೌನ್, 10 ಬೇಕಿತ್ತು, 6 ಬಂತು ಅಂದ್ಕೊಳ್ಳಿ. ಮೂರನೇ ಡೌನ್‌ಗೆ 4 ಇರಬೇಕಾದದ್ದು 19 ಆಗುತ್ತೆ. ಆ ಪ್ಲೇಯಲ್ಲೇ ಫಸ್ಟ್ ಡೌನ್ (ಹೊಸದಾಗಿ ನಾಲ್ಕು ಅವಕಾಶ) ಸಿಕ್ಕಿದ್ದರೆ ಮೊದಲು 15 ಹಿಂದಕ್ಕೆ, ಆಮೇಲೆ ಚೈನ್ (10 ಯಾರ್ಡ್ ಅಳೆಯೋ ಸರಪಳಿ) ಇಡ್ತಾರೆ, ಅಂದ್ರೆ ಹೊಸದಾಗಿ 10. ತಪ್ಪು ಡಿಫೆನ್ಸ್‌ದಾದರೆ ಎದುರಿನವರಿಗೆ ಫಸ್ಟ್ ಡೌನ್ ಪುಕ್ಕಟೆ.

ರಿಪ್ಲೇ ಬಗ್ಗೆ: ಟಾರ್ಗೆಟಿಂಗ್‌ಗೆ ಇರೋ ಕಡ್ಡಾಯ ಪರಿಶೀಲನೆ ಇದಕ್ಕಿಲ್ಲ. ಆಚೆ ಹೋಗೋ ರೀತಿಯೂ ಬೇರೆ. ಟಾರ್ಗೆಟಿಂಗ್‌ಗೆ ಹೊರಬಿದ್ದವನು 2020ರಿಂದ ಬೆಂಚ್ ಹತ್ತಿರವೇ ಇರಬಹುದು. ಇವನು ಮಾತ್ರ ಮುಂದಿನ ಪ್ಲೇಗೆ ಮೊದಲೇ ಮೈದಾನ ಬಿಡಬೇಕು, ಮೈದಾನಕ್ಕೆ ಕಾಣದ ಕಡೆ ತಂಡದವರ ಕಾವಲಲ್ಲಿ ಇರಬೇಕು.

ಚೈನ್_ಗ್ಯಾಂಗ್:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಎಲ್ಲರೂ ಕಲಸುಮೇಲೋಗರ ಮಾಡ್ಕೊಳ್ಳೋದು ಇಲ್ಲೇ. ಅಧಿಕಾರಿಗೆ ಕೈ ಮಾಡೋದು ಬೇರೆ ಫೈಲು, ಎದುರಾಳಿ ಜೊತೆ ಫೈಟಿಂಗ್ ಬೇರೆ ಫೈಲು. ಮುಂದಿನ ಪಂದ್ಯಕ್ಕೆ ತಾನಾಗೇ ಉರುಳೋ ಶಿಕ್ಷೆ ಇರೋದು ಎರಡನೇದಕ್ಕೆ. ಮೊದಲ ಹಾಫ್‌ನಲ್ಲಿ ಹೊಡೆದಾಡಿದ್ರೆ ಆ ಪಂದ್ಯದ ಉಳಿದ ಭಾಗ ಮಾತ್ರ ಹೋಗುತ್ತೆ. ಎರಡನೇ ಹಾಫ್ ಆದ್ರೆ ಅದರ ಜೊತೆಗೆ ಮುಂದಿನ ಪಂದ್ಯದ ಮೊದಲ ಹಾಫ್. ಅದೇ ಸೀಸನ್‌ನಲ್ಲಿ ಎರಡನೇ ಸಲ ಹೊಡೆದಾಡಿದ್ರೆ ಮುಂದಿನ ಇಡೀ ಪಂದ್ಯ, ಮೂರನೇ ಸಲ ಆದ್ರೆ ಸೀಸನ್ನೇ ಮುಗೀತು.

ನಿಮ್ಮ ಗಾರ್ಡ್‌ದು ಮೂರನೇ ಕ್ವಾರ್ಟರ್. ಅವನು ಟ್ಯಾಕಲ್‌ಗೆ ಒಂದು ಗುದ್ದು ಬೀಸಿ ಅದು ತಾಗದೇ ಹೋಗಿದ್ರೂ ಅದು ಫೈಟಿಂಗೇ. ನಿಯಮಕ್ಕೆ ಹೊಡೆಯೋ ಪ್ರಯತ್ನ ಸಾಕು. ಅಧಿಕಾರಿಯ ವಿಷಯದಲ್ಲಿ ಹೆಚ್ಚಿನ ಸಸ್ಪೆನ್ಷನ್ ಕೊಡೋದು ಕಾನ್ಫರೆನ್ಸ್ (ಕಾಲೇಜು ತಂಡಗಳ ಕೂಟ) ಅಥವಾ ಕಾಲೇಜಿನ ಕೈಲಿ.

ಹೆಲ್ಮೆಟ್ ಮರೀಬೇಡಿ. ಜಗಳ ಮುಗಿದ ಮೇಲೆ ಸಿಟ್ಟಿಗೆ ಹೆಲ್ಮೆಟ್ ಕಿತ್ತು ರೆಫರಿ ಮುಂದೆ ನಿಂತ್ರೆ ಅದೇ ಒಂದು ಅನ್‌ಸ್ಪೋರ್ಟ್ಸ್‌ಮನ್‌ಲೈಕ್ (ಕೆಟ್ಟ ನಡತೆಯ) ಫೌಲು. ಬಾಯಿ ಬಿಟ್ಟು ಬೈದ್ರೆ ಇನ್ನೊಂದು. ಎರಡಾದ್ರೆ ಆಟಗಾರ ಆಚೆ, ಮುಟ್ಟೋ ಪ್ರಶ್ನೆಯೇ ಬರಲ್ಲ. 2016ರಿಂದ ಕೋಚ್‌ಗೂ ಇದೇ ಲೆಕ್ಕ.

ನಾಲ್ಕನೇ_ಡೌನ್:
ಥ್ಯಾಂಕ್ಸ್ ಇಬ್ಬರಿಗೂ. ಹಾಗಾದ್ರೆ ಬಿಡಿಸೋಕೆ ಅಂತ ಬೆಂಚಿನಿಂದ ಓಡಿ ಬರೋರ ಕಥೆ? ತಂಡದವರು ಇದನ್ನ ತಡೆಯೋಕೆ ಏನು ಮಾಡ್ತಾರೆ?

ಹಿಂದೆ_ಸರಿ_ಸ್ವಾಮಿ:
ಬಿಡಿಸೋಕೆ ಬಂದೆ ಅನ್ನೋದು ನಡೆಯಲ್ಲ. ಫೈಟ್ ನಡೀತಿರುವಾಗ ಬೆಂಚಿನ ಆಟಗಾರ ತಂಡದ ಜಾಗ ಬಿಟ್ಟು ಒಳಗೆ ಬಂದ್ರೆ ಅದೇ ತಪ್ಪು. ಜಗಳ ಬಿಡಿಸೋಕೆ ಹೋದವನಿಗೇ ಏಟು ಅಂತಾರಲ್ಲ, ಇಲ್ಲಿ ಏಟಿನ ಜೊತೆ ಎಜೆಕ್ಷನ್ನೂ ಬರುತ್ತೆ.

ಅಧಿಕಾರಿಗಳ ಕೆಲಸ ಹೀಗೆ ಹಂಚಿಕೆಯಾಗಿರುತ್ತೆ. ಎಂಟು ಜನರಲ್ಲಿ ಹತ್ತಿರದ ಒಬ್ಬಿಬ್ಬರು ಗುದ್ದಾಟ ಶುರುವಾಗೋ ಮೊದಲೇ ಮಧ್ಯೆ ನುಗ್ಗಿ ವಿಸಿಲ್ ಊದ್ತಾರೆ. ಗುದ್ದಾಟ ಹತ್ತಿಕೊಂಡ ಮೇಲೆ ನುಗ್ಗಿದ್ರೆ ನಿಮ್ಮ ಅಂಪೈರ್‌ಗೆ ಆದದ್ದೇ ಆಗೋದು. ಆಮೇಲೆ ಹಿಂದೆ ಸರಿದು ಹೊಡೆದಾಡೋರ ಜೆರ್ಸಿ ನಂಬರ್ ಬರ್ಕೊಳ್ಳೋದೇ ಕೆಲಸ. ಸೈಡ್‌ಲೈನ್‌ನಲ್ಲಿರೋ ಇಬ್ಬರು ಜಗಳದ ಕಡೆ ಹೋಗದೆ ತಮ್ಮ ತಮ್ಮ ಬೆಂಚ್ ಕಡೆ ಮುಖ ಮಾಡಿ ನಿಲ್ತಾರೆ. ಹಿಂದಿನಿಂದ ಹಿಡಿಯೋದು ಕೊನೇ ಉಪಾಯ. ಹಿಡಿಯಲೇಬೇಕಾದ್ರೆ ಮೊದಲು ಜೋರಾಗಿ ಕೂಗಬೇಕು, ಆಟಗಾರನಿಗೆ ಮುಟ್ಟಿದವರು ಯಾರು ಅಂತ ತಿಳೀಲಿ.

ತಂಡದ ಕಡೆಯಿಂದ 'ಗೆಟ್‌ಬ್ಯಾಕ್ ಕೋಚ್' ಅಂತ ಒಬ್ಬ ಇರ್ತಾನೆ, ಸಾಮಾನ್ಯವಾಗಿ ಜಿಮ್ ತರಬೇತಿ ಕೊಡೋ ದಪ್ಪ ತೋಳಿನವನು. ಹೆಡ್ ಕೋಚ್‌ನ ಬೆಲ್ಟ್ ಹಿಡಿದು ಹಿಂದಕ್ಕೆಳೆಯೋದೇ ಅವನ ಉದ್ಯೋಗ. ನೋಡೋಕೆ ತಮಾಷೆ, ಆದ್ರೆ ಸೈಡ್‌ಲೈನ್ ಪಕ್ಕದ 6 ಅಡಿ ಬಿಳಿ ಪಟ್ಟಿಯಲ್ಲಿ ಲೈನ್ ಜಡ್ಜ್ ಓಡ್ತಾ ಇರ್ತಾರೆ. ಅಲ್ಲಿ ಯಾರಾದ್ರೂ ನಿಂತು ಅಧಿಕಾರಿ ಅವರಿಗೆ ಡಿಕ್ಕಿ ಹೊಡೆದ್ರೆ ಎಚ್ಚರಿಕೆಯೂ ಇಲ್ಲದೆ ನೇರ 15 ಯಾರ್ಡ್. ಡಿಕ್ಕಿ ಆಗದೆ ಬರೀ ಅಡ್ಡ ಬಂದಿದ್ರೆ ಮೊದಲು ಎಚ್ಚರಿಕೆ, ಆಮೇಲೆ ಎರಡು ಸಲ 5 ಯಾರ್ಡ್, ನಂತರ 15.

ಚೈನ್_ಗ್ಯಾಂಗ್:
ನಂಬರ್ ಬರ್ಕೊಳ್ಳೋದು ಎಷ್ಟು ಕಷ್ಟ ಅನ್ನೋದಕ್ಕೆ 2006ರ ಅಕ್ಟೋಬರ್ 14ರ ಮಯಾಮಿ ಮತ್ತು ಫ್ಲೋರಿಡಾ ಇಂಟರ್‌ನ್ಯಾಷನಲ್ ಪಂದ್ಯ ನೋಡಿ. ಮೈದಾನದಲ್ಲಿ ಹೊರಹಾಕಿದ್ದು 13 ಜನರನ್ನ. ಆಮೇಲೆ ಸಸ್ಪೆಂಡ್ ಆದವರು 31. ಮೈದಾನದಲ್ಲಿ ತಪ್ಪಿಸಿಕೊಂಡೆ ಅಂದ್ಕೊಂಡವನಿಗೆ ಕ್ಯಾಮೆರಾ ಇದ್ದೇ ಇದೆ.

ನಾಲ್ಕನೇ_ಡೌನ್:
ಕೊನೇದೊಂದು. ಹಾಫ್‌ಟೈಮ್‌ನಲ್ಲಿ, ಅಥವಾ ಪಂದ್ಯ ಮುಗಿದ ಮೇಲೆ ಆದ್ರೆ?

ಬಿಳಿಟೋಪಿ:
ಹಾಫ್‌ಟೈಮ್ ಅಧಿಕಾರಿಗಳ ವ್ಯಾಪ್ತಿಯಲ್ಲೇ ಬರುತ್ತೆ. 2020ರ ಅಕ್ಟೋಬರ್ 31ರಂದು ಫ್ಲೋರಿಡಾ ಮತ್ತು ಮಿಸೌರಿ ಹಾಫ್‌ಟೈಮ್‌ಗೆ ಹೋಗುವಾಗಲೇ ಹೊಡೆದಾಡಿಕೊಂಡು ಆಟಗಾರರು ಎಜೆಕ್ಟ್ ಆದರು, ಫ್ಲೋರಿಡಾ ಕೋಚ್ ಡ್ಯಾನ್ ಮಲೆನ್‌ಗೆ ಎಸ್‌ಇಸಿ (ಆ ಎರಡೂ ತಂಡಗಳ ಕಾನ್ಫರೆನ್ಸ್) 25 ಸಾವಿರ ಡಾಲರ್ ದಂಡ ಹಾಕಿತು. ಪಂದ್ಯ ಮುಗಿದು ಸ್ಕೋರ್ ಅಂತಿಮ ಅಂತ ರೆಫರಿ ಘೋಷಿಸಿದ ಮೇಲೆ ಫ್ಲ್ಯಾಗ್ ಹಾಕೋ ಅಧಿಕಾರ ಇಲ್ಲ. ಯಾರ್ಡ್ ಕಿತ್ತುಕೊಳ್ಳೋಕೆ ಮುಂದಿನ ಡೌನೇ ಇಲ್ಲವಲ್ಲ! 2024ರ ನವೆಂಬರ್ 30ರಂದು ಮಿಶಿಗನ್‌ನವರು ಒಹಾಯೊ ಸ್ಟೇಟ್ ಮೈದಾನದ ನಡುವೆ ಬಾವುಟ ನೆಡೋಕೆ ಹೋಗಿ ಗಲಾಟೆ ಆದಾಗ ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಬಿಗ್ ಟೆನ್ ಕಾನ್ಫರೆನ್ಸ್ ಎರಡೂ ಕಾಲೇಜುಗಳಿಗೆ ತಲಾ 1 ಲಕ್ಷ ಡಾಲರ್ ದಂಡ ಹಾಕಿತು.