ಪದ ಬೇಕು: ಒಂದೇ ಕತೆ ಹಲವು ಪತ್ರಿಕೆಗೆ (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ. ವೈಜ್ಞಾನಿಕ, ಪತ್ತೇದಾರಿ, ದೆವ್ವದ ಸಣ್ಣಕತೆ ಹಾಕುವ ಪತ್ರಿಕೆಯೊಂದರ ನಿಯಮಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೊಸದಾಗಿ ಬರೆಯುವವರಿಗೆ. ರಾತ್ರಿಯೊಳಗೆ ಕೊಡಬೇಕು. ಸೈಮಲ್ಟೇನಿಯಸ್ ಸಬ್‌ಮಿಶನ್ ಮತ್ತು ಮಲ್ಟಿಪಲ್ ಸಬ್‌ಮಿಶನ್‌ಗೆ ಏನನ್ನೋಣ? ಮೊದಲನೆಯದು ಒಂದೇ ಕತೆಯನ್ನು ಒಟ್ಟಿಗೆ ಹಲವು ಪತ್ರಿಕೆಗೆ ಕಳಿಸುವುದು. ಎರಡನೆಯದು ಒಂದೇ ಪತ್ರಿಕೆಗೆ, ಮೊದಲ ಕತೆಗೆ ಉತ್ತರ ಬರುವ ಮುಂಚೆಯೇ ಇನ್ನೊಂದು ಕಳಿಸುವುದು. 'ಬಹು ಸಲ್ಲಿಕೆ' ಅಂದರೆ ಎರಡರಲ್ಲಿ ಯಾವುದೂ ಆಗಬಹುದು, ಅದೇ ತಲೆನೋವು. ಸ್ಲಶ್ ಪೈಲ್‌ಗೂ (ಪತ್ರಿಕೆ ಕೇಳದೆಯೇ ಬಂದು ಬೀಳುವ ಕತೆಗಳ ರಾಶಿ) ಏನಾದರೂ ಹೊಳೆದರೆ ಹೇಳಿ.

*

ಏಕಕಾಲಿಕ ಸಲ್ಲಿಕೆ, ಬಹುಕೃತಿ ಸಲ್ಲಿಕೆ. ಮುಗೀತು.

*

> ಬಹುಕೃತಿ ಸಲ್ಲಿಕೆ

ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು. ಅದಿರಲಿ, 'ಸಲ್ಲಿಕೆ'ಯೇ ಇಲ್ಲಿ ಸಲ್ಲದು. ಸಲ್ ಅಚ್ಚಗನ್ನಡ ಬೇರು, ತಮಿಳಿನ ಸೆಲ್ ಅದರ ಒಡಹುಟ್ಟು. ಹೋಗು, ನಡೆ, ಚಲಾವಣೆಯಾಗು. ನಾಣ್ಯ ಸಲ್ಲುತ್ತದೆ, ಸವಕಲು ನಾಣ್ಯ ಸಲ್ಲದು. ಸಲ್ಲಿಸು ಅಂದರೆ ಸಲ್ಲುವಂತೆ ಮಾಡು. ಕತೆ ಸಲ್ಲುತ್ತದೋ ಇಲ್ಲವೋ ಹೇಳಬೇಕಾದವರು ಸಂಪಾದಕರು. ಬರೆದವನು ಕಳಿಸುತ್ತಾನೆ ಅಷ್ಟೆ. ಹಾಗಾಗಿ 'ಹಲಕಡೆ ಕಳಿಕೆ', 'ಹಲಕತೆ ಕಳಿಕೆ'. ಇದಕ್ಕಿಂತ ಸರಳ ಬೇಕಾ?

*

ಕಳಿಕೆ! ಹಣ್ಣು ಕಳಿತ ಹಾಗೆ ಕೇಳುತ್ತೆ ಸಾರ್. ಅರ್ಜಿ ಸಲ್ಲಿಸುತ್ತೇವೆ, ಅದೂ ತಿರಸ್ಕಾರ ಆಗುತ್ತೆ. ಸಲ್ಲಿಸು ತಪ್ಪು ಅಂತ ಅಲ್ಲಿ ಯಾರೂ ಹೇಳಿಲ್ಲ.

ಕೇಳಿದವರಿಗೆ: ನಾನು ಇಂಗ್ಲಿಷ್ ಪತ್ರಿಕೆಗಳಿಗೆ ಕತೆ ಕಳಿಸುತ್ತಿರುತ್ತೇನೆ. ಒಂದೇ ಕತೆಯನ್ನು ಹಲವು ಕಡೆ ಕಳಿಸಬಾರದು ಅನ್ನುವ ನಿಯಮ ಯಾಕಿದೆ ಅಂತ ತಿಳಿಯದಿದ್ದರೆ ಯಾವ ಪದ ಹಾಕಿದರೂ ಹೊಸಬರು ಮುಗ್ಗರಿಸುತ್ತಾರೆ. ಸಾಮಾನ್ಯವಾಗಿ ಪತ್ರಿಕೆ ಕೊಳ್ಳುವುದು ಮೊದಲು ಪ್ರಕಟಿಸುವ ಹಕ್ಕು. 'ಮೊದಲು' ಒಂದೇ ಸಲ ತಾನೇ? ಸಂಪಾದಕರು ಓದಿ, ಪಕ್ಕಕ್ಕಿಟ್ಟು, ಮತ್ತೆ ಓದಿ, ಸರಿ ಅನ್ನುವ ಹೊತ್ತಿಗೆ ಕತೆ ಬೇರೆಡೆ ಹೋಗಿದ್ದರೆ ಅವರ ಕೆಲಸ ದಂಡ. ಹಲವು ಕಡೆ ಕಳಿಸಲು ಒಪ್ಪುವ ಪತ್ರಿಕೆಗಳೂ, ಬೇರೆ ಕಡೆ ಆಯ್ಕೆಯಾದರೆ ತಕ್ಷಣ ತಿಳಿಸಿ ವಾಪಸ್ ತೆಗೆದುಕೊಳ್ಳಿ ಅಂತಲೇ ಹೇಳುತ್ತವೆ. ಉತ್ತರ ಬರುವ ಮುಂಚೆ ಇನ್ನೊಂದು ಕತೆ ಬೇಡ ಅನ್ನುವ ನಿಯಮ ಬರೀ ಓದುವ ಹೊರೆ ತಗ್ಗಿಸೋಕೆ. ಆ ಹೊರೆ ಸುಮ್ನೆ ಅಲ್ಲ. 2023ರ ಫೆಬ್ರವರಿಯಲ್ಲಿ ಎಐ ಯಂತ್ರ ಬರೆದ ಕತೆಗಳು ನುಗ್ಗಿ, ಕ್ಲಾರ್ಕ್ಸ್‌ವರ್ಲ್ಡ್ ಅನ್ನುವ ವೈಜ್ಞಾನಿಕ ಕತೆಗಳ ಪತ್ರಿಕೆ ಕೆಲಕಾಲ ಹೊಸ ಕತೆಗಳಿಗೆ ಬಾಗಿಲನ್ನೇ ಹಾಕಿತ್ತು.

ನಿಯಮದ ಪುಟಕ್ಕೆ ಪದ ಯಾಕೆ? ವಾಕ್ಯ ಬರೆಯಿರಿ. "ಕತೆ ನಮ್ಮ ಬಳಿ ಇರುವಾಗ ಅದನ್ನು ಬೇರೆಲ್ಲಿಗೂ ಕಳಿಸಬೇಡಿ. ನಮ್ಮ ಉತ್ತರ ಬರುವವರೆಗೆ ಇನ್ನೊಂದು ಕತೆ ಕಳಿಸಬೇಡಿ." ಸ್ಲಶ್ ಪೈಲ್‌ಗೆ 'ಕೇಳದೇ ಬಂದ ಕತೆಗಳು' ಸಾಕು. ಸ್ಲಶ್ ಪದದ ಅರ್ಥ ಹಿಡಿದು ಕೆಸರು, ಹಿಮ ಅಂತ ಹೋಗಬೇಡಿ.

*

ಪದ ಕಟ್ಟಲಾರದೆ ವಾಕ್ಯ ಬರೆಯುವುದು ಸೋಲು. ಹೀಗೇ ಆದರೆ ನಾಳೆ ಸಬ್‌ಮಿಟ್ ಮಾಡಿ, ರಿಜೆಕ್ಟ್ ಆಯ್ತು ಅಂತಲೇ ಬರೆಯುತ್ತೇವೆ.

*

ಈಗಲೇ ಹಾಗೆ ಮಾತಾಡುತ್ತಿದ್ದೇವೆ, ಗಮನಿಸಿಲ್ವಾ? ಪತ್ರಿಕೆ, ನಿಯಮ, ಸಂಪಾದಕ ಯಾವುದೂ ಅಚ್ಚಗನ್ನಡ ಅಲ್ಲ. ಅರ್ಜಿ ಅರಬಿಯಿಂದ ಬಂದದ್ದು. ಇಂಗ್ಲಿಷ್ ಮಾತ್ರ ಮೈಲಿಗೆ ಅನ್ನುವುದು ಯಾವ ನ್ಯಾಯ? ಅಂದಹಾಗೆ ಬಹುಕೃತಿ ಬೇರೆ, ಸಲ್ಲಿಕೆ ಬೇರೆ. ಬಿಡಿಸಿ ಬರೆದರೆ ಅರಿಸಮಾಸ ಎಲ್ಲಿಂದ ಬಂತು?

*

ಬಾಯಿಗೆ ಒಗ್ಗಿದ್ದು ಬೇರೆ, ಮೇಲೆ ಹೇರಿದ್ದು ಬೇರೆ. ಬಿಡಿಸಿ ಬರೆದರೆ ಸಮಾಸ ಕರಗಿಹೋಗುತ್ತಾ? ವ್ಯಾಕರಣ ಓದಿ.

*

ಎಲ್ಲರಿಗೂ ಥ್ಯಾಂಕ್ಸ್. ವಾಕ್ಯಗಳನ್ನೇ ಹಾಕುತ್ತಿದ್ದೇನೆ. ಮೇಲೆ ತಲೆಬರಹ 'ಒಂದೇ ಕತೆ ಹಲವು ಕಡೆ', 'ಹಲವು ಕತೆ ಒಂದೇ ಕಡೆ'. ಇನ್ನೊಂದು ಬಾಕಿ ಇದೆ. 7,500ಕ್ಕಿಂತ ಕಡಿಮೆ ಪದ ಇದ್ದರೆ ಸಣ್ಣಕತೆ, ಅಲ್ಲಿಂದ 17,500ರವರೆಗೆ ನಾವೆಲೆಟ್ ಅನ್ನುತ್ತಾರೆ. ಅದಕ್ಕೆ ನೀಳ್ಗತೆ ಅಂತ ಹಾಕಿದ್ದೇನೆ. ಇದೂ ಅರಿಸಮಾಸ ಅಂತ ಯಾರೂ ಬರೀಬೇಡಿ ದಯವಿಟ್ಟು.

*

ಕತೆ ತದ್ಭವ, ಕನ್ನಡಕ್ಕೆ ಒಗ್ಗಿ ಬದಲಾದ ಪದ. ಅರಿಸಮಾಸ ಆಗಲ್ಲ.