‘ಗಣಿತ ಬರಲ್ಲ’ ಅಂತ ಮೊದಲೇ ಕೈಚೆಲ್ಲುವ ಹತ್ತನೇ ತರಗತಿ ಮಕ್ಕಳಿಗೆ ಏನು ಮಾಡೋದು?

ಜಗಳೂರು ಗಣಿತ ಮೇಷ್ಟ್ರು
ಕನ್ನಡ ಮಾಧ್ಯಮ, 42 ಮಕ್ಕಳು. ಹದಿನೈದು ಜನ ಲೆಕ್ಕ ಓದೋಕೂ ಮುಂಚೆ ‘ಬರಲ್ಲ ಸರ್’ ಅಂತ ಪೆನ್ನು ಕೆಳಗಿಡ್ತಾರೆ. ‘ನಿನ್ನ ಕೈಲಾಗುತ್ತೆ’ ಅಂದ್ರೆ ಎರಡು ದಿನ ನಡೆಯುತ್ತೆ, ಕಿರುಪರೀಕ್ಷೆ ಬಂದ್ರೆ ಮತ್ತದೇ. ತರಗತಿಯಲ್ಲೇ ಮಾಡುವಂಥದ್ದು ಏನಾದರೂ ಇದೆಯಾ?

ಚಳ್ಳಕೆರೆ ಟೀಚರ್
ಸರ್, ‘ನನ್ನ ಕೈಲಾಗುತ್ತೆ’ ಅನ್ನೋ ನಂಬಿಕೆ ಎಲ್ಲಿಂದ ಬರುತ್ತೆ ಅಂತ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ನಾಲ್ಕು ಮೂಲ ಹೇಳಿದ್ದಾರೆ: ತಾನೇ ಮಾಡಿ ಗೆದ್ದದ್ದು, ತನ್ನಂಥವರು ಮಾಡಿದ್ದನ್ನು ಕಂಡದ್ದು, ಬೇರೆಯವರ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಮೊದಲನೆಯದೇ ಗಟ್ಟಿ. ನೀವು ಬಳಸ್ತಿರೋದು ಬರೀ ಮೂರನೆಯದು.

‘ಗಣಿತ ಬರುತ್ತಾ?’ ಅಂತ ಒಟ್ಟಾರೆ ಕೇಳಬೇಡಿ. ಬೋರ್ಡ್ ಮೇಲೆ ಐದು ಲೆಕ್ಕ ಬರೆಯಿರಿ. ಒಂದೊಂದನ್ನೂ 20 ಸೆಕೆಂಡು ನೋಡಿ, ಬಿಡಿಸದೆ, ‘ಇದನ್ನು ಸರಿಯಾಗಿ ಮಾಡ್ತೀನಿ’ ಅನ್ನೋ ನಂಬಿಕೆ ಎಷ್ಟಿದೆ ಅಂತ 0, 10, 20… 100ರಲ್ಲಿ ಒಂದು ಅಂಕಿ ಚೀಟಿಯಲ್ಲಿ ಹಾಕಲಿ. ಆಮೇಲೆ ಬಿಡಿಸಲಿ. ಚೀಟಿ ಜೋರಾಗಿ ಓದಿಸಬೇಡಿ, ಪಕ್ಕದವರ ಮುಂದೆ ಮಾನ ಉಳಿಸಿಕೊಳ್ಳೋಕೆ ಎಲ್ಲರೂ 80 ಬರೆದುಬಿಡ್ತಾರೆ.

ಹರಿಹರ ಬಿ.ಇಡಿ.
ಆ ಚೀಟಿಯಲ್ಲಿ 90 ಹಾಕಿ ತಪ್ಪು ಮಾಡೋರೂ ಸಿಗ್ತಾರೆ. ಬಿಡಿಸಿದ ಲೆಕ್ಕ ಓದಿ ಓದಿ ಪರಿಚಯವಾಗಿದ್ದನ್ನೇ ‘ಬರುತ್ತೆ’ ಅಂದುಕೊಂಡಿರ್ತಾರೆ. ನೋಟ್‌ಬುಕ್ ಮುಚ್ಚಿಸಿ ಮಾಡಿಸಿ. 20 ಹಾಕಿ ಸರಿ ಮಾಡಿದವರಿಗೆ ಅವರದೇ ಚೀಟಿ, ಅವರದೇ ಉತ್ತರ ಪಕ್ಕಪಕ್ಕ ಇಟ್ಟು ತೋರಿಸಿದರೆ ಸಾಕು.

20 ಹಾಕಿ ತಪ್ಪೂ ಮಾಡುವವರದೇ ನಿಜವಾದ ಕೆಲಸ. ಸಮಾಂತರ ಶ್ರೇಢಿ ತಗೊಳ್ಳಿ: 40, 36, 32… ಇದರಲ್ಲಿ ಎಷ್ಟನೇ ಪದ 0? ಸೂತ್ರ ಸರಿ ಬರೀತಾರೆ, ಪದದಿಂದ ಪದಕ್ಕೆ ಇರುವ ವ್ಯತ್ಯಾಸ d = −4 ಅಂತಲೂ ಹಾಕ್ತಾರೆ, 40 + (n−1)(−4) = 0 ವರೆಗೂ ಸರಿ. ಆವರಣ ಬಿಡಿಸುವಾಗ 40 − 4n − 4 ಅಂತ ಬರೆದು 9 ತರ್ತಾರೆ. ಅಲ್ಲಿ +4 ಆಗಬೇಕಿತ್ತು, ಉತ್ತರ 11. ಇಡೀ ಲೆಕ್ಕಕ್ಕೆ ಕೆಂಪು ಗೀಟು ಎಳೆದರೆ ಆ ಹುಡುಗಿಗೆ ‘ಶ್ರೇಢಿಯೇ ಬರಲ್ಲ’ ಅಂತ ಕಾಣುತ್ತೆ. ಸರಿಯಿರುವ ಪ್ರತಿ ಹೆಜ್ಜೆಗೂ ಟಿಕ್ ಹಾಕಿ, ಜಾರಿದ ಚಿಹ್ನೆಗೆ ಮಾತ್ರ ಸುತ್ತು ಹಾಕಿ. ಆಮೇಲೆ ಬರೀ ಆವರಣ ಬಿಡಿಸುವ ಆರು ಲೆಕ್ಕ ಕೊಡಿ. ಮರುದಿನ ಕೊನೆ ಎರಡು ಹೆಜ್ಜೆ ಖಾಲಿ ಬಿಟ್ಟ ಶ್ರೇಢಿ, ಅದರ ಮರುದಿನ ಪೂರ್ತಿ ಲೆಕ್ಕ.

ಜಗಳೂರು ಗಣಿತ ಮೇಷ್ಟ್ರು
42 ಜನರದ್ದೂ ಹೀಗೆ ನೋಡೋಕೆ ಪೀರಿಯಡ್ ಸಾಲಲ್ಲ.

ಚಳ್ಳಕೆರೆ ಟೀಚರ್
ಹದಿನೈದು ಜನರದ್ದು ಮಾತ್ರ, ವಾರಕ್ಕೆರಡು ಸಲ, ಒಂದೊಂದೇ ಲೆಕ್ಕ ನೋಡಿ ಸರ್. ಬೋರ್ಡಿಗೆ ಕರೆಯುವಾಗ ತರಗತಿಗೆ ಫಸ್ಟ್ ಬರುವವನನ್ನು ಕರೀಬೇಡಿ, ‘ಅವನು ಬಿಡು, ಜಾಣ’ ಅಂತಾರೆ. ಹೋದ ವಾರ ಅದೇ ಚಿಹ್ನೆಯಲ್ಲಿ ಎಡವಿ ಈಗ ಸರಿ ಮಾಡ್ತಿರೋಳು ಬಂದು, ಎಲ್ಲಿ ತಪ್ಪುತ್ತಿದ್ದೆ ಅಂತ ಹೇಳುತ್ತಾ ಬಿಡಿಸಲಿ.