ರಾಜಕೀಯ ಚರ್ಚೆಯಲ್ಲಿ ಸೌಜನ್ಯವೆಂದರೆ ಏಕವಚನ ಬಿಡುವುದೇ?

ಪ್ರಶ್ನೆ: ನವನಗರ ನಿವಾಸಿ, ಬಾಗಲಕೋಟೆ

ನಮ್ಮ ಸೆಕ್ಟರಿನ ಉದ್ಯಾನದಲ್ಲಿ ಸಂಜೆ ಹತ್ತು-ಹನ್ನೆರಡು ಮಂದಿ ನಿವೃತ್ತರು ಸೇರುತ್ತೇವೆ. ಬೇರೆ ಬೇರೆ ಪಕ್ಷಗಳಿಗೆ ಒಲಿದವರಾದರೂ ಇಷ್ಟು ವರ್ಷ ಒಂದೇ ಕಿಟ್ಲಿಯ ಚಹಾ ಕುಡಿದವರು. ಕಳೆದ ವಾರ ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಬಂತು. ಕೃಷ್ಣಾ ನದಿ ನೀರಿನ ಹಂಚಿಕೆಯ ಎರಡನೆಯ ನ್ಯಾಯಮಂಡಳಿ 2010ರಲ್ಲಿಯೇ ಒಪ್ಪಿದ್ದರೂ ಕೆಲಸವೇಕೆ ಆಗಿಲ್ಲ ಎಂದು ಆರಂಭವಾದ ಚರ್ಚೆ, ಯಾವ ಸರ್ಕಾರ ಏನು ಮಾಡಿತು ಎಂಬಲ್ಲಿಗೆ ಹೋಗಿ, ಅಲ್ಲಿಂದ ಯಾರ ಅಪ್ಪ ಯಾರ ಮನೆಯಲ್ಲಿ ಜೀತಕ್ಕಿದ್ದ ಎಂಬಲ್ಲಿಗೆ ಮುಟ್ಟಿತು. ಅಂದಿನಿಂದ ಇಬ್ಬರು ಬರುವುದನ್ನೇ ಬಿಟ್ಟಿದ್ದಾರೆ. ಇನ್ನು ರಾಜಕೀಯವೇ ಬೇಡವೆಂದು ಕೆಲವರು, ಯಾರನ್ನೂ ಏಕವಚನದಲ್ಲಿ ಕರೆಯಬಾರದೆಂಬ ನಿಯಮ ಸಾಕೆಂದು ಕೆಲವರು ಹೇಳುತ್ತಿದ್ದಾರೆ. ತಿಳಿದವರು ಏನೆನ್ನುತ್ತೀರಿ?

ಉತ್ತರ: ವಿಜಯಪುರದ ಮಾಸ್ತರ

ಏಕವಚನದ ನಿಯಮವನ್ನು ದಯವಿಟ್ಟು ಮಾಡಬೇಡಿ. ನಮ್ಮ ಕಡೆ ನಲವತ್ತು ವರ್ಷದ ಗೆಳೆಯನನ್ನು "ಬಾರಲೇ" ಎಂದು ಕರೆಯುವುದರಲ್ಲಿ ಅವಮಾನವಿಲ್ಲ. ಅದೇ ಗೆಳೆಯ ಒಂದು ದಿನ "ತಾವು ಬಲ್ಲವರು ಬಿಡ್ರಿ, ತಮ್ಮ ಮುಂದ ನಾವೇನು" ಎಂದನೆಂದರೆ ಏನೋ ಮುರಿದಿದೆಯೆಂದೇ ತಿಳಿಯಬೇಕು. ಪ್ರತಿ ಮಾತಿಗೂ "ರೀ" ಹಚ್ಚಿಯೇ ಒಬ್ಬನ ಮಾನ ಕಳೆಯುವ ಕಲೆ ನಮ್ಮವರಿಗೆ ಚೆನ್ನಾಗಿ ಬರುತ್ತದೆ.

ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆ ಈ ವಿಷಯದಲ್ಲಿ ನಮಗಿಂತ ಸ್ಪಷ್ಟವಾಗಿದೆ. ಟೀಕೆಯು ಎದುರು ಪಕ್ಷದ ನೀತಿ, ಕಾರ್ಯಕ್ರಮ ಮತ್ತು ಹಿಂದಿನ ಕೆಲಸಗಳಿಗೆ ಸೀಮಿತವಾಗಿರಬೇಕು, ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದ ಖಾಸಗಿ ಬದುಕನ್ನು ಎಳೆಯಬಾರದು, ಖಚಿತವಾಗದ ಆರೋಪ ಮಾಡಬಾರದು ಎಂದು ಅದು ಹೇಳುತ್ತದೆಯೇ ಹೊರತು ದನಿ ಎಷ್ಟು ತಗ್ಗಿರಬೇಕೆಂದು ಹೇಳುವುದಿಲ್ಲ. ಸಂಹಿತೆಗೆ ಸ್ವತಃ ಕಾನೂನಿನ ಬಲವಿಲ್ಲ, ನಿಜ. ಆದರೆ ಎದುರಾಳಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳೆಂದು ಗೊತ್ತಿದ್ದೂ ಅಭ್ಯರ್ಥಿಯೊಬ್ಬ ಹೇಳಿಕೆ ಹೊರಡಿಸಿದರೆ, 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(4)ನೆಯ ಕಲಮು ಅದನ್ನು ಭ್ರಷ್ಟಾಚರಣೆಯೆಂದೇ ಎಣಿಸುತ್ತದೆ. ಈ ಅಳತೆಯಲ್ಲಿ ನೋಡಿದರೆ ನಿಮ್ಮ ಉದ್ಯಾನದ ಚರ್ಚೆ ಕೆಟ್ಟದ್ದು ಅಪ್ಪನ ಮಾತು ಬಂದ ಗಳಿಗೆಯಲ್ಲಿ. ಅದಕ್ಕೂ ಮುಂಚಿನ ಗದ್ದಲಕ್ಕೆ ಯಾರೂ ಕ್ಷಮೆ ಕೇಳಬೇಕಿಲ್ಲ.

ಉತ್ತರ: ಟಿಳಕವಾಡಿಯವ, ಬೆಳಗಾವಿ

ರಾಜಕೀಯ ಮಾತನಾಡದೆ ಕೂತರೆ ನಿಮಗೆ ಉಳಿಯುವುದು ಸಕ್ಕರೆ ಕಾಯಿಲೆ ಮತ್ತು ಮೊಮ್ಮಕ್ಕಳು.

1924ರ ಡಿಸೆಂಬರಿನಲ್ಲಿ ನಮ್ಮೂರಿನಲ್ಲಿ ನಡೆದದ್ದು ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವೆಂದು ಎಲ್ಲರೂ ಹೇಳುತ್ತಾರೆ. ಅಲ್ಲಿ ಏನು ಇತ್ಯರ್ಥವಾಯಿತೆಂದು ಹೇಳುವವರು ಕಡಿಮೆ. ಶಾಸನಸಭೆಗಳ ಒಳಗೆ ಹೋಗಿಯೇ ಹೋರಾಡಬೇಕೆಂದು ಚಿತ್ತರಂಜನ ದಾಸ್ ಮತ್ತು ಮೋತಿಲಾಲ್ ನೆಹರೂ 1923ರಲ್ಲಿ ಸ್ವರಾಜ್ ಪಕ್ಷವನ್ನು ಕಟ್ಟಿದ್ದರು. ಗಾಂಧೀಜಿಗೆ ಅದು ಒಪ್ಪಿಗೆಯಿರಲಿಲ್ಲ. ಹಾಗಿದ್ದೂ 1924ರ ನವೆಂಬರಿನಲ್ಲಿ ಮೂವರೂ ಒಂದು ಒಪ್ಪಂದಕ್ಕೆ ಬಂದರು, ಬೆಳಗಾವಿ ಅದನ್ನು ಅಂಗೀಕರಿಸಿತು: ಸ್ವರಾಜಿಗಳು ಕಾಂಗ್ರೆಸ್ಸಿನ ಪರವಾಗಿಯೇ ಶಾಸನಸಭೆಗಳಲ್ಲಿ ಕೆಲಸ ಮಾಡಬಹುದು, ಪ್ರತಿಯಾಗಿ ಕಾಂಗ್ರೆಸ್ ಸದಸ್ಯರು ತಿಂಗಳಿಗೆ 2000 ಗಜ ನೂಲು ಕೊಡಬೇಕು. (ಈ ನೂಲಿನ ಷರತ್ತು ಮರುವರ್ಷವೇ ಸಡಿಲವಾಯಿತು, ಅದು ಬೇರೆ ಮಾತು.) ಯಾರೂ ತಮ್ಮ ಅಭಿಪ್ರಾಯ ಬದಲಿಸಲಿಲ್ಲ. ನಾನು ಒಪ್ಪುವುದಿಲ್ಲ, ಆದರೂ ನಿನ್ನ ದಾರಿಗೆ ಅಡ್ಡ ಬರುವುದಿಲ್ಲ ಎಂದು ಎದುರಿಗೇ ಹೇಳಿ ಕರಾರು ಮಾಡಿಕೊಂಡರು. ನಿಮ್ಮ ಇಬ್ಬರೂ ಆಲಮಟ್ಟಿಯ ಬಗ್ಗೆ ಒಮ್ಮತಕ್ಕೆ ಬರುವವರೆಗೆ ಕಾಯುವುದು ವ್ಯರ್ಥ.

ಉತ್ತರ: ಬೀಳಗಿ ತಾಲ್ಲೂಕಿನ ರೈತ

ಮೇಲಿನ ಎರಡೂ ಉತ್ತರಗಳು ಸರಿಯಾಗಿವೆ, ಆದರೆ ಹೊಲ ಕಳೆದುಕೊಳ್ಳದವರು ಬರೆದಂತಿವೆ. 519ಕ್ಕೂ 524ಕ್ಕೂ ನಡುವಿನ ಅಂತರ ನಿಮಗೆ ನಾಲ್ಕೂವರೆ ಮೀಟರು. ಹಿನ್ನೀರಿನ ದಂಡೆಯವರಿಗೆ ಅದು ಈ ವರ್ಷ ಬಾವಿ ತೋಡಿಸಬೇಕೋ ಬೇಡವೋ, ಮಗಳ ಮದುವೆಗೆ ಹೊಲದ ಮೇಲೆ ಸಾಲ ಹುಟ್ಟೀತೋ ಇಲ್ಲವೋ ಎಂಬ ಪ್ರಶ್ನೆ. ಪರಿಹಾರದ ಕಾಗದ ಹಿಡಿದು ಕಚೇರಿಗೆ ಹೋದಾಗಲೆಲ್ಲ "ಸಿಟ್ಟಿಗೇಳಬ್ಯಾಡ್ರಿ, ಸಾವಕಾಶ ಮಾತಾಡ್ರಿ" ಎಂಬ ಮಾತನ್ನು ನಾನು ಕೇಳಿದ್ದೇನೆ, ಅದೂ ಕುರ್ಚಿಯ ಮೇಲೆ ಕೂತವರ ಬಾಯಿಂದ, ನಾನು ನಿಂತಿರುವಾಗ. ಅಪ್ಪನನ್ನು ಎಳೆದವನದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವತ್ತು ಮೊದಲು ದನಿ ಏರಿಸಿದವನು ಯಾರು, ಅವನ ಜಮೀನು ಎಲ್ಲಿದೆ ಎಂದು ನಿಮ್ಮಲ್ಲಿ ಯಾರಾದರೂ ಕೇಳಿದಿರಾ?

ಪ್ರಶ್ನೆ ಕೇಳಿದವರ ಮರು ಉತ್ತರ

ಬೀಳಗಿಯವರು ಕೇಳಿದ ಮೇಲೆ ಹೇಳಲೇಬೇಕು. ದನಿ ಏರಿಸಿದವರ ನಾಲ್ಕು ಎಕರೆ ಹಿನ್ನೀರಿನ ಅಂಚಿನಲ್ಲಿದೆಯೆಂದು ನನಗೆ ನಿನ್ನೆಯಷ್ಟೇ ತಿಳಿಯಿತು. ಜೀತದ ಮಾತು ಎತ್ತಿದವರು ನನ್ನ ಒಲವಿನ ಪಕ್ಷದವರು, ಆ ಕ್ಷಣದಲ್ಲಿ ನಾನು ಅವರನ್ನು ತಡೆಯಲಿಲ್ಲ, ಉಳಿದವರೊಡನೆ ನಕ್ಕೆ. ನಿನ್ನೆ ದನಿ ಏರಿಸಿದವರ ಮನೆಗೆ ಹೋಗಿದ್ದೆ. ಚಹಾ ಕೊಟ್ಟರು, ಜಮೀನಿನ ಉತಾರದ (ಪಹಣಿಯ) ಪ್ರತಿಗಳನ್ನು ಮುಂದಿಟ್ಟರು, ಎರಡು ತಾಸು ಎತ್ತರದ ವಿಷಯವನ್ನೇ ಮಾತನಾಡಿದೆವು, ಅದೂ ಜೋರು ದನಿಯಲ್ಲಿಯೇ. ಉದ್ಯಾನಕ್ಕೆ ಬರುತ್ತೇನೆಂದು ಮಾತ್ರ ಅವರು ಇನ್ನೂ ಹೇಳಿಲ್ಲ.